ಗುಳಗಿ ಮಹಾತ್ಮೆ

“ಹಳದೀವು ಎರಡು ಕೊಡೋ ತಮ್ಮಾ. ಅದರ ಕೂಡ ನುಂಗೂದು ಒಂದು.”

ಅಳವಂಡಿಯ ಮೆಡಿಕಲ್ ಅಂಗಡಿಯೊಂದರ ಗಾಜಿನ ಮೇಲೆ ಮೊಣಕೈ ಊರಿ ನಮ್ಮ ದೊಡ್ಡವ್ವ ಹೀಗೆ ಕೇಳಿದಾಗ ಅಂಗಡಿಯ ಹುಡುಗ ತಲೆ ಕೂಡ ಎತ್ತಲಿಲ್ಲ. ಚೀಟಿ ಎಲ್ಲಿ, ಯಾವ ಡಾಕ್ಟರು ಬರೆದದ್ದು, ಎಷ್ಟು ದಿನದಿಂದ ನುಂಗುತ್ತೀ ಎಂಬ ಅಪಶಕುನದ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ಹುಡುಗ ಡಬ್ಬಿಗೆ ಕೈ ಹಾಕಿದ, ಸ್ಟ್ರಿಪ್ ತೆಗೆದ, ಕತ್ತರಿ ಆಡಿಸಿದ. ಔಷಧದ ಹೆಸರು ಸರಿಯಾಗಿ ನಡುವೆ ಸೀಳಿತು. ದೊಡ್ಡವ್ವನ ಪಾಲಿಗೆ ‘ಡೈಕ್ಲೊ’ ಬಂತು, ‘ಫೆನಾಕ್’ ಮುಂದಿನ ಗಿರಾಕಿಗೆ ಉಳಿಯಿತು. ಅವಧಿ ಮುಗಿಯುವ ತಾರೀಕಿದ್ದ ತುದಿ ಡಬ್ಬಿಗೆ ವಾಪಸ್ ಹೋಯಿತು. ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಎಂಬ ಷೆಡ್ಯೂಲ್ ಎಚ್ ಎಚ್ಚರಿಕೆಯನ್ನು, ಇರುವೆಗಳಾದರೂ ಓದಿಕೊಳ್ಳಲಿ ಎಂದು ಸಣ್ಣ ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರಲ್ಲ, ಕತ್ತರಿ ಅದರ ಮೇಲೂ ಹಾಯ್ದಿತ್ತು.

ಅಳವಂಡಿ ಸಾಮಾನ್ಯ ಊರಲ್ಲ. ನಿಜಾಮನ ಕಾಲಕ್ಕೆ ರಜಾಕಾರರ ವಿರುದ್ಧ ಮುಂಡರಗಿಯಲ್ಲಿ ಶಿಬಿರ ಹೂಡಿದ ಶಿವಮೂರ್ತಿಸ್ವಾಮಿಗಳ ಊರು. 1952ರಲ್ಲಿ ಮೊದಲ ಲೋಕಸಭೆಗೆ ಕುಷ್ಟಗಿಯಿಂದ ಪಕ್ಷೇತರರಾಗಿ ಗೆದ್ದವರು ಅವರು. ಅಂಥ ಊರು ಇವತ್ತು ತನ್ನ ಟೊಂಕದ ಮುಂದೆ ಕೈಮುಗಿದು ನಿಂತಿದೆ. ಸುತ್ತ ಎರೆ ಹೊಲ. ಕಡಲೆ ಕೀಳಲು ಬಗ್ಗಬೇಕು, ಉಳ್ಳಾಗಡ್ಡಿ ಕೀಳಲು ಬಗ್ಗಬೇಕು, ಕಸ ತೆಗೆಯಲು ಕುಕ್ಕರಗಾಲಲ್ಲಿ ಕೂತು ಸಾಲು ಸಾಲು ಸರಿಯಬೇಕು. ಈ ಹೊಲದಲ್ಲಿ ನೆಟ್ಟಗೆ ನಿಂತು ಮಾಡುವ ಕೆಲಸ ಒಂದೇ, ಹೊಲದ ಧಣಿಯದು.

ಲೆಕ್ಕ ಸರಳವಾಗಿದೆ. 2025ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಟೊಂಕ ಹಿಡಿದುಕೊಂಡು ಮಲಗಿದರೆ ಅಷ್ಟೂ ಹೋಯಿತು. ಗುಳಗಿಗೆ ಕೆಲವೇ ರೂಪಾಯಿ. ಬೀಜ, ಗೊಬ್ಬರ, ಗುಳಗಿ ಮೂರನ್ನೂ ನಮ್ಮವರು ಬೇಸಾಯದ ಖರ್ಚಿನ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಬೀಜ ಗೊಬ್ಬರಕ್ಕಾದರೂ ಸಬ್ಸಿಡಿ ಇದೆ. ಮೂರನೆಯದಕ್ಕೆ ಇನ್ನೂ ಯಾರೂ ಘೋಷಿಸಿಲ್ಲ, ಚುನಾವಣೆ ಬರಲಿ.

ಈ ಗುಳಗಿ ನಮ್ಮ ಮನೆಗಳಲ್ಲಿ ದೇವರ ಮಾಡದ ಪಕ್ಕದಲ್ಲೇ ಜಾಗ ಹಿಡಿದದ್ದು 2006ರಲ್ಲಿ ಎಂದು ನನ್ನ ನೆನಪು. ಆ ವರ್ಷ ಚಿಕೂನ್‌ಗುನ್ಯಾ ಬಂತು. ಕರ್ನಾಟಕ ಒಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು, ದೇಶದಲ್ಲೇ ನಾವು ಮುಂದು. ಊರಿಗೆ ಊರೇ ಕೀಲು ಹಿಡಿದು, ಗೋಡೆ ಹಿಡಿದು, ಹೊರಕಡೆಗೆ ಹೋಗಲು ಮೊಮ್ಮಕ್ಕಳ ಹೆಗಲು ಹಿಡಿದು ನಡೆಯಿತು. ಜ್ವರ ವಾರದಲ್ಲಿ ಹೋಯಿತು, ಕೀಲಿನ ಬ್ಯಾನಿ ತಿಂಗಳುಗಟ್ಟಲೆ ನಿಂತಿತು, ಗುಳಗಿ ಮಾತ್ರ ಕಾಯಂ ಆಯಿತು. ಸೊಳ್ಳೆ ಕಚ್ಚಿ ಹೋದದ್ದು ಎರಡು ನಿಮಿಷ, ನಾವು ನುಂಗುತ್ತಿರುವುದು ಇಪ್ಪತ್ತು ವರ್ಷ.

ಇನ್ನು ಇದು ಕೆಲಸ ಮಾಡುವ ಬಗೆ. ಹುಡುಗನನ್ನು ಕೇಳಿದೆ. “ಬ್ಯಾನಿ ಎಲ್ಲೈತೋ ಅಲ್ಲಿಗೇ ಹೋಗಿ ಹಿಡಿತೈತ್ರೀ ಸರ್” ಅಂದ. ಪೊಲೀಸ್ ನಾಯಿಯ ಹಾಗೆ. ನಗಬೇಡಿ. ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಆಸ್ಪಿರಿನ್ ತಯಾರಿಸಿದಾಗ ಅವನಿಗೂ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಜಗತ್ತು ಎಪ್ಪತ್ತು ವರ್ಷ ಟನ್ನುಗಟ್ಟಲೆ ನುಂಗಿದ ಮೇಲೆ, 1971ರಲ್ಲಿ, ಲಂಡನ್ನಿನ ಜಾನ್ ವೇನ್ ಎಂಬುವರು ಅದರ ಗುಟ್ಟು ಹೇಳಿದರು. 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಂತು. ಇನ್ನು ಐಬುಪ್ರೊಫೆನ್ ಕಂಡುಹಿಡಿದ ಸ್ಟೂವರ್ಟ್ ಆಡಮ್ಸ್ ಅವರಂತೂ ಮಾಸ್ಕೊದಲ್ಲಿ ಹಿಂದಿನ ರಾತ್ರಿಯ ವೋಡ್ಕಾ ತಲೆಗೇರಿ, ಬೆಳಿಗ್ಗೆ ಭಾಷಣಕ್ಕೆ ನಿಲ್ಲಬೇಕಾಗಿ ಬಂದಾಗ 600 ಮಿಲಿಗ್ರಾಂ ಅದನ್ನೇ ನುಂಗಿ ತಲೆನೋವು ಇಳಿಸಿಕೊಂಡರಂತೆ. ನಮ್ಮೂರಿನಲ್ಲಿ ಈ ಪ್ರಯೋಗವನ್ನು ಸಂತೆಯ ಮರುದಿನ ತಪ್ಪದೆ ಮಾಡುವವರಿದ್ದಾರೆ, ಭಾಷಣ ಒಂದಿರುವುದಿಲ್ಲ ಅಷ್ಟೆ.

ವೇನ್ ಹೇಳಿದ್ದನ್ನು ಅಳವಂಡಿಯ ಮಟ್ಟಿಗೆ ಹೇಳಬೇಕೆಂದರೆ ಹಿಟ್ಟಿನ ಗಿರಣಿಗೆ ಹೋಗಬೇಕು. ಪೆಟ್ಟು ಬಿದ್ದ ಅಥವಾ ಉರಿಯೂತ ಎದ್ದ ಜಾಗದ ಜೀವಕೋಶಗಳು ತಮ್ಮ ಪೊರೆಯ ಕೊಬ್ಬನ್ನು ಸ್ವಲ್ಪ ಕಿತ್ತು ಸೈಕ್ಲೊಆಕ್ಸಿಜನೇಸ್ ಎಂಬ ಕಿಣ್ವದ ಗಿರಣಿಗೆ ಹಾಕುತ್ತವೆ. ಬೀಸಿ ಬರುವ ಹಿಟ್ಟಿನ ಹೆಸರು ಪ್ರೊಸ್ಟಗ್ಲಾಂಡಿನ್. ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತವರಿಗೆ ಗೊತ್ತಿರುತ್ತದೆ, ಅಲ್ಲಿ ಹಿಟ್ಟಿನ ಜೊತೆ ಚಾಡಿಯೂ ಬೀಸಿ ಬರುತ್ತದೆ. ಪ್ರೊಸ್ಟಗ್ಲಾಂಡಿನ್ ತಾನಾಗಿ ಹೆಚ್ಚು ನೋಯಿಸುವುದಿಲ್ಲ. ನರದ ತುದಿಯ ಹತ್ತಿರ ಹೋಗಿ ಕಿವಿಯೂದುತ್ತದೆ. ಸುಮ್ಮನೆ ಮುಟ್ಟಿದರೂ ನರ ಊರೆಲ್ಲ ಕೇಳುವ ಹಾಗೆ ಕೂಗಿಕೊಳ್ಳುತ್ತದೆ. ರಕ್ತನಾಳ ಅಗಲಿಸಿ ಜಾಗ ಕೆಂಪಾಗಿಸಿ ಊದಿಸುತ್ತದೆ, ಮೆದುಳಿಗೆ ಹೋಗಿ ಜ್ವರ ಏರಿಸುತ್ತದೆ. ಗುಳಗಿ ಮಾಡುವುದು ಇಷ್ಟೇ: ಗಿರಣಿಯ ಬಾಯಿಗೆ ಕಲ್ಲು. ಮುರಿದದ್ದು ಕೂಡುವುದಿಲ್ಲ, ಸವೆದದ್ದು ತುಂಬುವುದಿಲ್ಲ. ಚಾಡಿ ನಿಂತಿತು, ಅಷ್ಟೆ. ನಾವು ಅದಕ್ಕೆ ‘ಆರಾಮ ಆತು’ ಅನ್ನುತ್ತೇವೆ.

ತೊಂದರೆ ಏನೆಂದರೆ ಊರಿನಲ್ಲಿ ಗಿರಣಿ ಎರಡಿವೆ. ಇದು ಗೊತ್ತಾದದ್ದು 1990ರ ದಶಕದ ಶುರುವಿನಲ್ಲಿ. ಒಂದು, ಜಗಳ ಗಲಾಟೆ ಎದ್ದಾಗ ಚಾಲೂ ಆಗುವ ಗಿರಣಿ. ಇನ್ನೊಂದು ಹಗಲು ರಾತ್ರಿ ಸದ್ದಿಲ್ಲದೆ ಓಡುವ ಮನೆವಾರ್ತೆಯ ಗಿರಣಿ. ಜಠರದ ಗೋಡೆಗೆ ಲೋಳೆ ಬಳಿಸುವುದು, ರಕ್ತದ ಕಿರುತಟ್ಟೆಗಳನ್ನು ಅಂಟಿಸುವುದು, ಮೂತ್ರಪಿಂಡಕ್ಕೆ ರಕ್ತ ಹರಿಸುವುದು, ಇವೆಲ್ಲ ಅದರ ಹಿಟ್ಟಿನಿಂದಲೇ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದಂಥ ಗುಳಗಿಗಳು, ಒಂದಿಷ್ಟು ಹೆಚ್ಚು ಕಡಿಮೆ, ಎರಡೂ ಗಿರಣಿಗೆ ಬೀಗ ಹಾಕುತ್ತವೆ. ಒಬ್ಬ ಕುಡುಕ ಗದ್ದಲ ಮಾಡಿದ ಎಂದು ಪೊಲೀಸರು ಇಡೀ ಬಜಾರು ಬಂದ್ ಮಾಡಿಸುತ್ತಾರಲ್ಲ, ಹಾಗೆ.

ಮೊದಲು ಸೊರಗುವುದು ಹೊಟ್ಟೆ. ಲೋಳೆಯ ಗಿಲಾವು ಉದುರಿದ ಗೋಡೆಗೆ ಜಠರದ ಆಮ್ಲ ತಾಗಿ ಹುಣ್ಣಾಗುತ್ತದೆ. ವಯಸ್ಸಾದವರಲ್ಲಿ ಇದು ಹಲವು ಸಲ ಉರಿಯುವುದೂ ಇಲ್ಲ, ಏಕೆಂದರೆ ಉರಿ ತಿಳಿಸಬೇಕಾದ ಚಾಡಿಕೋರನ ಬಾಯಿಯನ್ನೂ ಅದೇ ಗುಳಗಿ ಮುಚ್ಚಿಸಿರುತ್ತದೆ. ಒಂದು ದಿನ ಮಲ ಡಾಂಬರಿನ ಹಾಗೆ ಕಪ್ಪಗೆ ಹೋದಾಗ ರಕ್ತ ಸೋರಿದ್ದು ಗೊತ್ತಾಗುತ್ತದೆ. ಅದಕ್ಕೇ ‘ಅದರ ಕೂಡ ನುಂಗೂದು ಒಂದು’, ಅಂದರೆ ಗ್ಯಾಸಿನ ಗುಳಗಿ. ಗ್ಯಾಸಿನ ಗುಳಗಿ ಹೊಟ್ಟೆಯನ್ನು ಬಹುಮಟ್ಟಿಗೆ ಕಾಯುತ್ತದೆ, ನಿಜ. ಆದರೆ ನಮ್ಮ ಜನ ಅದನ್ನು ಇಡೀ ದೇಹಕ್ಕೆ ಕೊಟ್ಟ ಜಾಮೀನು ಎಂದು ತಿಳಿದಿದ್ದಾರೆ. ಮೂತ್ರಪಿಂಡಕ್ಕೂ ಹೃದಯಕ್ಕೂ ಆ ಜಾಮೀನು ನಡೆಯುವುದಿಲ್ಲ.

ಇನ್ನು ಸ್ವಲ್ಪ ಉಳ್ಳವರು ಗುಳಗಿಯನ್ನು ಕೀಳಾಗಿ ಕಾಣುತ್ತಾರೆ. “ಗುಳಗಿ ಹೊಟ್ಟಿ ಸುಡತಾವ, ಸೂಜೀನ ಮಾಡಿಬಿಡ್ರಿ” ಎಂದು ಪ್ಯಾಂಟು ಸಡಿಲಿಸಿ ನಿಲ್ಲುತ್ತಾರೆ. ಗುಳಗಿ ಹೊಟ್ಟೆ ಕೆಡಿಸುವುದು ಮುಖ್ಯವಾಗಿ ಅದರೊಳಗೆ ಬಿದ್ದು ಅಲ್ಲ, ರಕ್ತಕ್ಕೆ ಸೇರಿ ಗಿರಣಿಗೆ ಬೀಗ ಹಾಕಿ. ಚುಚ್ಚಿಸಿಕೊಂಡದ್ದೂ ಹೋಗಿ ಸೇರುವುದು ಅದೇ ರಕ್ತಕ್ಕೆ. ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿನಿಂದ ಬಂದರೆ ಕಳ್ಳ ನೆಂಟನಾಗುವುದಿಲ್ಲ.

ನಾನು ಹೇಳಬೇಕಾದ ಮಾತು ಇರುವುದು ಮೂತ್ರಪಿಂಡದಲ್ಲಿ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವುದು ಗಂಗಾವತಿಯ ಕಡೆಗೆ, ಭತ್ತ ಅವರದು. ನಮ್ಮದು ಮಳೆ ನಂಬಿದ ಎರೆ. ಆದರೂ ಕಾಲುವೆಯ ತೂಬು ಅಂದರೆ ಏನೆಂದು ನಮಗೆ ಗೊತ್ತು, ಬೇರೆಯವರ ಹೊಲಕ್ಕೆ ನೀರು ಹೋಗುವುದನ್ನು ನಿಂತು ನೋಡಿದ್ದೇವೆ. ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಕ್ಕೂ ಅಂಥದೊಂದು ತೂಬಿದೆ. ಮೈಯಲ್ಲಿ ನೀರು ಬೇಕಾದಷ್ಟಿದ್ದಾಗ ಅದರ ಕಡೆ ಯಾರೂ ನೋಡುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ನಲವತ್ತು ದಾಟಿ, ಬೆವರು ಸುರಿದು, ಬೆಳಿಗ್ಗೆ ಒಯ್ದ ಒಂದು ಬಾಟಲಿ ನೀರು ಹನ್ನೊಂದಕ್ಕೇ ಖಾಲಿಯಾದಾಗ ದೇಹ ಬರಗಾಲದ ನಿಯಮ ಜಾರಿ ಮಾಡುತ್ತದೆ: ಎಲ್ಲ ನಾಳ ಬಿಗಿ ಮಾಡು, ನೀರು ಉಳಿಸು. ಆಗ ಮೂತ್ರಪಿಂಡದ ತೂಬನ್ನು ಮುಚ್ಚಲು ಬಿಡದೆ ಎತ್ತಿ ಹಿಡಿದು ನಿಲ್ಲುವ ನೀರಗಂಟಿ ಅದೇ ಪ್ರೊಸ್ಟಗ್ಲಾಂಡಿನ್. ಸರಿಯಾಗಿ ಅದೇ ಹೊತ್ತಿಗೆ ನಾವು ಬುತ್ತಿಗಂಟಿನಿಂದ ಹಳದಿ ಗುಳಗಿ ತೆಗೆದು ನುಂಗಿ ನೀರಗಂಟಿಯನ್ನು ಮನೆಗೆ ಕಳಿಸುತ್ತೇವೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ದೊಡ್ಡವ್ವನಿಗೆ ಬಿಪಿ ಇದೆ. ಬಿಪಿಗೆ ಕೊಡುವ ಕೆಲವು ಗುಳಗಿಗಳು ಮೂತ್ರಪಿಂಡದಿಂದ ರಕ್ತ ಹೊರಬರುವ ದಾರಿಯನ್ನು ಅಗಲಿಸುತ್ತವೆ. ಜೊತೆಗೆ ಉಚ್ಚೆ ಹೆಚ್ಚು ಮಾಡಿಸುವ ಗುಳಗಿ ಇದ್ದರೆ ಇರುವ ನೀರೂ ಹೋಗುತ್ತದೆ. ಮೇಲಿನ ತೂಬು ಮುಚ್ಚಿ, ಕೆಳಗಿನ ಒಡ್ಡು ಒಡೆದು, ಕೆರೆಯನ್ನೂ ಬತ್ತಿಸಿದ ಹಾಗೆ. ವೈದ್ಯರು ಈ ಮೂರು ಪೆಟ್ಟಿನ ಕೂಟಕ್ಕೆ ಬೇರೆ ಹೆಸರನ್ನೇ ಇಟ್ಟುಕೊಂಡು ಹೆದರುತ್ತಾರೆ. ದೊಡ್ಡವ್ವ ಹೆದರುವುದಿಲ್ಲ, ಅವಳಿಗೆ ಯಾರೂ ಹೇಳಿಲ್ಲ. ಬಿಪಿ ಗುಳಗಿ ಸರ್ಕಾರಿ ದವಾಖಾನೆಯದು, ಬ್ಯಾನಿ ಗುಳಗಿ ಬಜಾರದ್ದು. ಎರಡರ ಪರಿಚಯ ಆಗುವುದು ಅವಳ ಹೊಟ್ಟೆಯಲ್ಲೇ. ಬ್ಯಾನಿ ಗುಳಗಿಯಿಂದ ಮೈಯಲ್ಲಿ ಉಪ್ಪು ನೀರು ನಿಂತು ಬಿಪಿ ಏರುತ್ತದೆ, ಅತ್ತ ದವಾಖಾನೆಯಲ್ಲಿ ಬಿಪಿ ಗುಳಗಿಯ ಪ್ರಮಾಣ ಏರುತ್ತದೆ. ಕಾಲು ಬಾತರೆ “ನಡದು ನಡದು ಬಾತಾವ” ಅನ್ನುತ್ತಾಳೆ.

ಮೂತ್ರಪಿಂಡ ಬಾಯಿಲ್ಲದ ಆಳು. ಸೊಂಟದ ಹಾಗೆ ನರಳುವುದಿಲ್ಲ, ಹೊಟ್ಟೆಯ ಹಾಗೆ ಗುಡುಗುವುದಿಲ್ಲ. ಅರ್ಧ ಕೆಲಸ ನಿಂತರೂ, ಅದನ್ನು ತೋರಿಸಿಕೊಡಬೇಕಾದ ರಕ್ತದ ಕ್ರಿಯೇಟಿನಿನ್ ಹೆಚ್ಚೇನೂ ಏರದೆ ಇರಬಹುದು. ಬೇಗ ಗೊತ್ತಾಗಿ ಗುಳಗಿ ಬಿಟ್ಟರೆ ಬಹಳ ಸಲ ಚೇತರಿಸಿಕೊಳ್ಳುತ್ತದೆ. ಗೊತ್ತಾಗುವುದು ತಡವಾದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಆಗ ಬಸ್ ಚಾರ್ಜೂ ಕೂಲಿಯೂ ಸೇರಿ ಆ ಹಳದಿ ಗುಳಗಿಯ ನಿಜವಾದ ಎಂಆರ್‌ಪಿ ಏನೆಂದು ತಿಳಿಯುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದು ಬರೆಯಲು ಕೂತಿದ್ದೆ, ತಪ್ಪಾಗುತ್ತಿತ್ತು. ಮಾಡಿದೆ, ಹದ್ದುಗಳಿಗೆ. ದನಗಳ ಬ್ಯಾನಿಗೆ ಇದೇ ಡೈಕ್ಲೊಫೆನಾಕ್ ಕೊಡುತ್ತಿದ್ದರು. ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಸುಣ್ಣದಂತೆ ಬೆಳ್ಳಗೆ ಕೂತು ಸತ್ತವು. 1992ರಿಂದ 2007ರ ಹೊತ್ತಿಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು ಇಳಿಯಿತು. ಕಾರಣ 2004ರಲ್ಲಿ ಗೊತ್ತಾಯಿತು, 2006ರಲ್ಲಿ ದನದ ಡೈಕ್ಲೊಫೆನಾಕ್ ಬಂದ್ ಆಯಿತು. ಜನ ಮನುಷ್ಯರ ದೊಡ್ಡ ಬಾಟಲಿಯನ್ನೇ ದನಕ್ಕೆ ಚುಚ್ಚತೊಡಗಿದಾಗ 2015ರಲ್ಲಿ ಅದನ್ನೂ 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ದನಗಳ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ಹೋದವು. ರಾಮನಗರದ ರಾಮದೇವರ ಬೆಟ್ಟದಲ್ಲಿ, ‘ಶೋಲೆ’ಯ ಗಬ್ಬರ್ ಕೂತ ಬಂಡೆಗಳ ಸೀಮೆಯಲ್ಲಿ, 2012ರಲ್ಲಿ ಹದ್ದುಗಳಿಗೊಂದು ಧಾಮವೂ ಆಯಿತು. ಒಳ್ಳೆಯದೇ, ಹದ್ದಿನ ಅನ್ನಕ್ಕೆ ಕಲ್ಲು ಹಾಕಲು ನಾನು ಬಂದಿಲ್ಲ. ನಾವು ಹದ್ದುಗಳಲ್ಲ ಎಂಬುದೂ ನಿಜ, ನಮ್ಮ ದೇಹ ಈ ಔಷಧವನ್ನು ಕೆಲವೇ ತಾಸಿನಲ್ಲಿ ಹೊರಗೆ ಹಾಕುತ್ತದೆ. ಆದರೆ ಹದ್ದು ತಿಂದದ್ದು ಗೊತ್ತಿಲ್ಲದೆ, ಒಂದೇ ಸಲ. ದೊಡ್ಡವ್ವ ದಿನಾ ಎರಡು, ಕಾಸು ಕೊಟ್ಟು.

ನಿಮೆಸುಲೈಡ್ ಎಂಬ ಇನ್ನೊಂದು ಬ್ಯಾನಿ ಗುಳಗಿಯ ಕಥೆ ಇನ್ನೂ ಸೊಗಸು. ಯಕೃತ್ತಿಗೆ ಕೇಡೆಂದು ಫಿನ್ಲೆಂಡ್ 2002ರಲ್ಲಿ ಕೈಬಿಟ್ಟಿತು, ಐರ್ಲೆಂಡ್ 2007ರಲ್ಲಿ. ಅಮೆರಿಕ ಒಳಗೇ ಬಿಟ್ಟುಕೊಳ್ಳಲಿಲ್ಲ. ನಮ್ಮಲ್ಲಿ 2011ರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದಾಯಿತು. ಹನ್ನೆರಡು ತುಂಬಿದ ದಿನ ಭಾರತೀಯನ ಯಕೃತ್ತು ಹೇಗೆ ಉಕ್ಕಾಗುತ್ತದೆ ಎಂಬುದನ್ನು ಯಾರಾದರೂ ಸಂಶೋಧನೆ ಮಾಡಬೇಕು. ಗಿಣಿಗೇರಿ ಕಡೆ ಉಕ್ಕಿನ ಕಾರ್ಖಾನೆಗಳಿವೆ, ಅಲ್ಲಿಂದ ಶುರು ಮಾಡಬಹುದು.

ಹೃದಯದ ಬಗ್ಗೆ ಒಂದೇ ಮಾತು. ಮನೆವಾರ್ತೆಯ ಗಿರಣಿ ಬಿಟ್ಟು ಗಲಾಟೆಯ ಗಿರಣಿಗಷ್ಟೇ ಬೀಗ ಹಾಕುತ್ತೇವೆ ಎಂದು ಮರ್ಕ್ ಕಂಪನಿ 1999ರಲ್ಲಿ ವಯಾಕ್ಸ್ ಎಂಬ ಗುಳಗಿ ತಂದಿತು. ಹೊಟ್ಟೆ ಉಳಿಯಿತು, ಹೃದಯಾಘಾತ ಹೆಚ್ಚಿತು, 2004ರಲ್ಲಿ ವಾಪಸ್ ಪಡೆದರು. ಡೈಕ್ಲೊಫೆನಾಕಿಗೂ ಆ ಗುಣ ಸ್ವಲ್ಪ ಇದೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದು ಅದೇ ಗುಳಗಿಗೆ ಪಾಳಿ ಹಚ್ಚಿದವರನ್ನು ನಾನು ಕಂಡಿದ್ದೇನೆ.

ಇದೆಲ್ಲ ಹೆಸರಿದ್ದ ಗುಳಗಿಯ ಮಾತಾಯಿತು. ಹೆಸರೇ ಇಲ್ಲದ್ದು ಪುಡಿಕೆ. ಹಳೇ ಪೇಪರಿನ ಚೂರಿನಲ್ಲಿ ನಾಲ್ಕು ಬಣ್ಣದ ನಾಲ್ಕು ಗುಳಗಿ, ಮುಂಜಾನೆ ಸಂಜಿ. ಅದರಲ್ಲೊಂದು ಸಣ್ಣ ಬಿಳಿದು ಇದ್ದರೆ ಬಹಳ ಸಲ ಅದು ಸ್ಟೀರಾಯ್ಡ್. ನುಂಗಿದ ಎರಡನೇ ದಿನಕ್ಕೇ ಮುದುಕರು ಎದ್ದು ಓಡಾಡುತ್ತಾರೆ, ಹಸಿವು ಬರುತ್ತದೆ, ತಿಂಗಳು ಕಳೆಯುವುದರಲ್ಲಿ ಗಲ್ಲ ಉಬ್ಬಿ ಮುಖ ಹುಣ್ಣಿಮೆ ಚಂದ್ರನಾಗುತ್ತದೆ. “ಈಗ ನೋಡ್ರಿ, ಮಾರಿ ಮ್ಯಾಲ ಕಳಾ ಬಂತು” ಎಂದು ಮನೆಯವರು ಹಿಗ್ಗುತ್ತಾರೆ. ಒಳಗೆ ಮೂಳೆ ಟೊಳ್ಳಾಗುತ್ತಿರುತ್ತದೆ, ಸಕ್ಕರೆ ಏರುತ್ತಿರುತ್ತದೆ. ಸ್ಟೀರಾಯ್ಡೂ ಬ್ಯಾನಿ ಗುಳಗಿಯೂ ಕೂಡಿದರೆ ಹೊಟ್ಟೆಯ ಹುಣ್ಣಿಗೆ ಹಬ್ಬ. ಇಂಥ ಪುಡಿಕೆ ಕಟ್ಟಿದವನ ‘ಕೈಗುಣ’ ಹತ್ತೂರಿಗೆ ಹಬ್ಬುತ್ತದೆ. ಕೈಗುಣ ಅವನದು, ಕರ್ಮ ನಮ್ಮದು.

ಗುಳಗಿಯೇ ಪಾಪಿ ಎಂದು ನಾನು ಹೇಳುತ್ತಿಲ್ಲ. ಕಾಲು ಉಳುಕಿದರೆ, ಹಲ್ಲು ಕಿತ್ತರೆ, ಉಂಡ ಮೇಲೆ ಮೂರ್ನಾಲ್ಕು ದಿನ ನುಂಗಿ ಬಿಡಲು ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಕೀಲಿಗೆ ಹಚ್ಚುವ ಮುಲಾಮಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಮುದುಕರಿಗೆ ಅದು ಮೇಲು. ಸಿಟ್ಟು ಇರುವುದು ಚಾಡಿಕೋರನ ಬಾಯಿ ಮುಚ್ಚಿಸಿ, ಚಾಡಿ ಯಾವುದರ ಬಗ್ಗೆ ಇತ್ತೆಂದು ಯಾರೂ ಕೇಳದಿರುವುದಕ್ಕೆ.

ಯಲಬುರ್ಗಾ, ಕುಷ್ಟಗಿ ಕಡೆ ಹೋಗಿ ನೋಡಿ. ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಂದು ಪಟ್ಟಿ, ಆಮೇಲೆ ಮೂಳೆ ದಪ್ಪವಾಗಿ, ಸ್ನಾಯುಬಂಧಗಳೂ ಮೂಳೆಯಾಗಿ, ಬೆನ್ನು ಬಾಗಿ ಬಿಗಿಯುತ್ತದೆ. ಕುತ್ತಿಗೆ ತಿರುಗಿಸಲಾರದೆ ಇಡೀ ಮೈ ತಿರುಗಿಸಿ ಮಾತಾಡಿಸುವ ಅಜ್ಜಂದಿರು ಅಲ್ಲಿದ್ದಾರೆ. ಅವರ ಬ್ಯಾನಿ ಹೇಳುತ್ತಿದ್ದದ್ದು ನೀರಿನ ಸುದ್ದಿ. ನಾವು ಕೊಟ್ಟದ್ದು ಗುಳಗಿ. ಆ ಗುಳಗಿಯನ್ನು ಅವರು ನುಂಗುವುದೂ ಅದೇ ಕೊಡದ ನೀರು ಕುಡಿದು. ಮೈಗೆ ಸೇರಿದ ಫ್ಲೋರೈಡನ್ನು ಹೊರಗೆ ಹಾಕಬೇಕಾದದ್ದು ಮೂತ್ರಪಿಂಡ, ಗುಳಗಿ ಕೆಡಿಸುವುದೂ ಅದನ್ನೇ. ಮೂತ್ರಪಿಂಡ ಸೋತರೆ ಫ್ಲೋರೈಡ್ ಮೂಳೆಯಲ್ಲಿ ಇನ್ನಷ್ಟು ಉಳಿಯುತ್ತದೆ, ಬ್ಯಾನಿ ಇನ್ನಷ್ಟು ಏರುತ್ತದೆ, ಗುಳಗಿ ಇನ್ನೆರಡು. ಗಾಣದ ಎತ್ತಿಗಾದರೂ ಸಂಜೆಗೆ ನೊಗ ಇಳಿಸುತ್ತಾರೆ. ಊರ ಮುಂದೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಘಟಕ ಕೆಟ್ಟಲ್ಲಿಯೂ ಉದ್ಘಾಟನೆಯ ಕಲ್ಲು ಕೆಟ್ಟಿರುವುದಿಲ್ಲ, ಅದರ ಮೇಲಿನ ಹೆಸರುಗಳನ್ನು ಇವತ್ತಿಗೂ ಓದಬಹುದು, ಗುಳಗಿ ಸ್ಟ್ರಿಪ್ಪಿನ ಅಕ್ಷರಕ್ಕಿಂತ ಬಹಳ ದಪ್ಪ.

ಇಷ್ಟೆಲ್ಲ ಪಾಂಡಿತ್ಯವನ್ನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ದೊಡ್ಡವ್ವನ ಪಕ್ಕ ಕೂತು ಒದರಿದೆ. ಅವಳು ಸೆರಗಿನ ಗಂಟಿಗೆ ಗುಳಗಿ ಕಟ್ಟಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು. ಮಿರ್ಚಿ ತಿನ್ನುತ್ತಿದ್ದ ನನ್ನ ಕೈಯನ್ನೂ ನೋಡಿದಳು.

“ನೀ ಹೇಳೂದು ಖರೇ ಐತೆಪಾ. ನಾಳಿಂದ ಬಿಡ್ತೀನಿ. ನಾಳೆ ಉಳ್ಳಾಗಡ್ಡಿ ಕೀಳಾಕ ನನ್ನ ಪಾಳಿಗೆ ನೀ ಬರ್ತೀ?”

ನಾನು ವಿಷಯ ಬದಲಿಸಿದೆ. “ಅದಲ್ಲ ದೊಡ್ಡವ್ವಾ, ಒಮ್ಮೆ ಕೊಪ್ಪಳಕ್ಕ ಹೋಗಿ ಕ್ರಿಯೇಟಿನಿನ್ ನೋಡಿಸೂಣು.”

“ನೋಡಿಸೂಣಂತ” ಎಂದು ಮೊಣಕಾಲು ಒತ್ತಿ ಹಿಡಿದು ಎದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಕೇಳಿದಳು: “ಅದು ಯಾವ ಬಣ್ಣದ್ದೋ?”